ಸಹಾಯ ಬೇಕು: ಯೀಸ್ಟ್‌ನಲ್ಲಿ ಗ್ಯಾಲ್4 ದೂರದಿಂದ ಯಾಕೆ ಕೆಲಸ ಮಾಡುವುದಿಲ್ಲ?

ಪುಣೆಯಲ್ಲಿರುವ ಬಯಾಲಜಿ ಓದಿದ ಕನ್ನಡಿಗರಿಗೆ ನಮಸ್ಕಾರ. ನಾನು ಧಾರವಾಡದವಳು, ಇಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಮುಂದಿನ ವಾರ ಸೆಮಿನಾರ್ ಇದೆ, ಒಂದು ಕಡೆ ತಲೆ ಓಡುತ್ತಿಲ್ಲ.

ಯೀಸ್ಟ್ ಭಾಗ ಗೊತ್ತಾಗಿದೆ. ಗ್ಯಾಲ್4 ಅಂದರೆ ಗ್ಯಾಲಕ್ಟೋಸ್ ಸಕ್ಕರೆ ಬಳಸಲು ಬೇಕಾದ ಜೀನ್‌ಗಳನ್ನು ಆನ್ ಮಾಡುವ ಪ್ರೋಟೀನು. ಗ್ಯಾಲಕ್ಟೋಸ್ ಇಲ್ಲದಾಗ ಗ್ಯಾಲ್80 ಪ್ರೋಟೀನು ಗ್ಯಾಲ್4ನ್ನು ಹಿಡಿದಿಟ್ಟಿರುತ್ತದೆ. ಗ್ಯಾಲಕ್ಟೋಸ್ ಬಂದರೆ ಗ್ಯಾಲ್3 ಎಂಬ ಇನ್ನೊಂದು ಪ್ರೋಟೀನು ಆ ಹಿಡಿತ ಬಿಡಿಸುತ್ತದೆ, ಜೀನ್ ಆನ್ ಆಗುತ್ತದೆ. ಗ್ಲೂಕೋಸ್ ಇದ್ದರೆ ಮಿಗ್1 ಎಂಬ ತಡೆ ಪ್ರೋಟೀನು ಬಂದು ಬಂದ್ ಮಾಡಿಸುತ್ತದೆ. ಇಷ್ಟು ಸರಿ ಅಲ್ವಾ?

ತೊಡಕು ಮುಂದಿದೆ. ಯೀಸ್ಟ್‌ನಲ್ಲಿ ಡಿಎನ್‌ಎ ಮೇಲೆ ಗ್ಯಾಲ್4 ಕೂರುವ ಜಾಗ ಜೀನ್ ಶುರುವಾಗುವುದಕ್ಕೆ ಮುಂಚೆ, ಕೆಲವು ನೂರು ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಒಳಗೆ ಇರಬೇಕು. ಜೀನ್‌ನ ಆಚೆ ತುದಿಗೆ ಇಟ್ಟರೆ ನಡೆಯುವುದಿಲ್ಲ. ಮನುಷ್ಯರಲ್ಲಿ ನೋಡಿ, ಸೋನಿಕ್ ಹೆಡ್ಜ್‌ಹಾಗ್ ಜೀನ್‌ಗೆ ಕೈಕಾಲು ಮೂಡುವಾಗ ಬೇಕಾದ ಎನ್‌ಹ್ಯಾನ್ಸರ್ (ದೂರದಿಂದಲೇ ಜೀನ್ ಆನ್ ಮಾಡಬಲ್ಲ ಡಿಎನ್‌ಎ ತುಣುಕು) ಸುಮಾರು 10 ಲಕ್ಷ ಬೇಸ್ ದೂರದಲ್ಲಿ, ಬೇರೊಂದು ಜೀನ್‌ನ ಇಂಟ್ರಾನ್‌ನಲ್ಲಿ (ಪ್ರೋಟೀನಿನ ಸಂಕೇತ ಇಲ್ಲದ ನಡುವಿನ ತುಂಡಿನಲ್ಲಿ) ಕೂತಿದೆ! ಹಾಗಂತ ಗ್ಯಾಲ್4 ಕೈಲಾಗದ್ದೂ ಅಲ್ಲ. ಅದನ್ನು ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಹೀಲಾ ಕೋಶಕ್ಕೆ ಹಾಕಿದರೆ ಅದರ ಜಾಗ ಎನ್‌ಹ್ಯಾನ್ಸರ್ ತರಹವೇ ಕೆಲಸ ಮಾಡುತ್ತದೆ ಎಂದು 1988ರಲ್ಲೇ ತೋರಿಸಿದ್ದಾರೆ.

ಗೈಡ್ ಸರ್‌ನ ಕೇಳಿದರೆ "ಲೂಪಿಂಗ್ ಓದಮ್ಮ" ಅಂದರು, ಅಂದರೆ ಡಿಎನ್‌ಎ ಬಾಗಿ ದೂರದ ಜಾಗವನ್ನು ಜೀನ್ ಹತ್ತಿರ ತರುವುದು. ಓದಿದೆ. ಯೀಸ್ಟ್‌ನಲ್ಲಿ ಸಿಟಿಸಿಎಫ್ (ಲೂಪ್‌ನ ಗಡಿ ಗುರುತಿಸುವ ಪ್ರೋಟೀನು) ಇಲ್ಲ, ಸರಿ. ಆದರೆ ಲೂಪ್ ಎಳೆಯುವ ಉಂಗುರದಂಥ ಪ್ರೋಟೀನು ಕೊಹೀಸಿನ್ ಇದೆಯಲ್ಲ? ಮೇಲಾಗಿ ಸಸ್ತನಿ ಕೋಶದಲ್ಲಿ ಕೊಹೀಸಿನ್ ತೆಗೆದರೂ ಜಾಸ್ತಿ ಜೀನ್‌ಗಳ ಕೆಲಸ ಅಷ್ಟೇನೂ ಬದಲಾಗಲಿಲ್ಲವಂತೆ. ಟೆಕ್ಸ್ಟ್‌ಬುಕ್ "ಯೀಸ್ಟ್ ಜೀನೋಮ್ ಚಿಕ್ಕದು" ಎಂದು ಕೈತೊಳೆದುಕೊಳ್ಳುತ್ತದೆ. ಅದು ಉತ್ತರವೇ ಅಲ್ಲ.

ನನ್ನ ಪ್ರಶ್ನೆ ಇಷ್ಟೇ: ಯೀಸ್ಟ್‌ನಲ್ಲಿ ದೂರದ ಆಕ್ಟಿವೇಶನ್ ತಡೆಯುವುದು ಕ್ರೊಮ್ಯಾಟಿನ್ನೋ (ಪ್ರೋಟೀನಿಗೆ ಸುತ್ತಿಕೊಂಡ ಡಿಎನ್‌ಎ), ಪ್ರೊಮೋಟರ್‌ನ (ಜೀನ್ ಶುರುವಾಗುವ ಕಡೆಯ ಡಿಎನ್‌ಎ) ರಚನೆಯೋ, ಮೀಡಿಯೇಟರ್ರೋ (ಗ್ಯಾಲ್4ನಂಥವುಗಳ ಸಂಕೇತವನ್ನು ಜೀನ್ ಓದುವ ಯಂತ್ರಕ್ಕೆ ಮುಟ್ಟಿಸುವ ಪ್ರೋಟೀನು ಗುಂಪು)? ಇದನ್ನು ನೇರವಾಗಿ ಪರೀಕ್ಷಿಸಿದ ಯಾವ ಪ್ರಯೋಗ ಮೊದಲು ಓದಲಿ?