ಸಹಾಯ ಬೇಕು: ಗರಿ ಇಲ್ಲದ ಬಾಣ ಎಡಕ್ಕೇ ಹೋಗ್ತಿದೆ, ಸ್ಪೈನ್ (ಬಾಣ ಎಷ್ಟು ಬಾಗುತ್ತೆ ಅನ್ನೋ ಅಳತೆ) ಗಟ್ಟಿಯೋ ಮೆದುವೋ?

ಬಲಗೈ ಲಾಂಗ್‌ಬೋ, 28 ಇಂಚು ಎಳೆತಕ್ಕೆ 40 ಪೌಂಡ್. ಕಾರ್ಬನ್ ಬಾಣ, 600 ಸ್ಪೈನ್, ಉದ್ದ 29 ಇಂಚು, ಮೊನೆ 100 ಗ್ರೇನ್ (ತೂಕದ ಸಣ್ಣ ಅಳತೆ). 15 ಮೀಟರಿಗೆ ಗರಿ ಇರೋವು ಒಟ್ಟಾಗೇ ಬೀಳ್ತವೆ, ಗರಿ ತೆಗೆದದ್ದು ಒಂದು ಗೇಣು ಎಡಕ್ಕೆ. ಗಟ್ಟಿ ಬಾಣದ ಲಕ್ಷಣ ಅಂತ ಮೊನೆ 125 ಗ್ರೇನ್ ಮಾಡಿದ್ದಾಯ್ತು. ಬಾಣ ಮೆದುವಾಗಿ ಬಲಕ್ಕೆ ಸರೀಬೇಕಿತ್ತು, ಇನ್ನಷ್ಟು ಎಡಕ್ಕೆ ಹೋಯ್ತು!

ನಾಕಿಂಗ್ ಪಾಯಿಂಟ್ (ಹೆದೆಗೆ ಬಾಣ ಸಿಕ್ಕಿಸೋ ಜಾಗ) ಸರಿಯಿದೆ, ಬಾಣದ ಹಿಂತುದಿ ಮೇಲೆ-ಕೆಳಗೆ ವಾಲ್ತಿಲ್ಲ. ಬಿಡುವಾಗ ಬೆರಳು ಹೆದೆಯನ್ನ ಪಕ್ಕಕ್ಕೆ ಎಳೀತಿಲ್ಲ, ಸ್ಲೋ ಮೋಷನ್ ವಿಡಿಯೋದಲ್ಲಿ ನೋಡಾಯ್ತು. ಆದ್ರೆ ಹಿಡಿಕೆ ಪಕ್ಕದ ಚರ್ಮದ ಮೇಲೆ ಉಜ್ಜಿದ ಗುರುತಿದೆ. ಮೆದು ಬಾಣ ಅತಿಯಾಗಿ ಬಾಗಿ ಅಲ್ಲಿಗೆ ಬಡಿದು ಎಡಕ್ಕೆ ಚಿಮ್ಮಿದ್ರೂ ಗಟ್ಟಿ ಬಾಣದ ಹಾಗೇ ಕಾಣುತ್ತಲ್ಲ, ಗೊಂದಲ ಅದೇ.

ಬಾಣ ಎಲ್ಲಿ ಬಡೀತಿದೆ ಅಂತ ಗುರುತು ಸಿಗೋಕೆ ಅದಕ್ಕೆ ಪೌಡರ್ ಹಚ್ಚಿ ಬಿಟ್ಟರೆ ಎರಡರ ವ್ಯತ್ಯಾಸ ಖಚಿತವಾಗಿ ಗೊತ್ತಾಗುತ್ತಾ? ಮೆದುವೇ ಆಗಿದ್ರೆ, ಮೊದಲು 100 ಗ್ರೇನಿಗೆ ವಾಪಸ್ ಹೋಗಿ ಬಾಣವನ್ನ ಕಾಲಿಂಚು ಕಾಲಿಂಚು ಕತ್ತರಿಸಬೇಕಾ, ಇಲ್ಲ ನೇರವಾಗಿ ಇನ್ನೂ ಗಟ್ಟಿಯಾದ 500 ಸ್ಪೈನ್ ತಗೋಬೇಕಾ?