ಬೋಟಿನ ಫ್ಯಾನಿನ ‘ಪಿಚ್’: ‘ಓರೆ’ ಅನ್ನೋಣವೇ, ‘ಹೆಜ್ಜೆ’ ಅನ್ನೋಣವೇ?

ಎಲ್ಲರಿಗೂ ನಮಸ್ಕಾರ.

ಮಲ್ಪೆಯಲ್ಲಿ ನನ್ನ ಭಾವನ ಬೋಟು ಮಳೆಗಾಲಕ್ಕೆ ದಡ ಹತ್ತಿದೆ. ಅದಕ್ಕೆ ಹೊಸ ಡೀಸೆಲ್ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂರಿಸುತ್ತಿದ್ದೇವೆ. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿದೆ. ಭಾವನಿಗೂ ಬೋಟು ನಡೆಸುವ ತಾಂಡೇಲರಿಗೂ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡೆ. ಮೂರು ದಿನದಿಂದ ಒಂದೇ ಪದದ ಹತ್ತಿರ ನಿಂತಿದ್ದೇನೆ. ಅದು ‘ಪಿಚ್’, ಬೋಟನ್ನು ಮುಂದೆ ತಳ್ಳುವ ಪ್ರೊಪೆಲ್ಲರಿನ ಒಂದು ಅಳತೆ.

ಮಿಕ್ಕ ಪದಗಳಿಗೆ ತೊಂದರೆ ಇಲ್ಲ. ಪ್ರೊಪೆಲ್ಲರ್‌ಗೆ ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಫ್ಯಾನ್ ಅಂತಾರೆ, ಅದನ್ನೇ ಬರೆದೆ. ಚುಕ್ಕಾಣಿ ಅರಬ್ಬಿಯಿಂದ ಬಂದದ್ದು, ಆದರೂ ಎಂದೋ ನಮ್ಮದಾಯಿತು. ಹಾಗಾಗಿ ಹೊರಗಿನ ಪದ ಬೇಡ ಅನ್ನೋ ಹಟ ನನಗಿಲ್ಲ. ಹಳೆಯ ನಿಘಂಟಿನಲ್ಲಿ ಹುಡುಕಿಯೂ ಫಲವಿಲ್ಲ. ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ರುಡಾಲ್ಫ್ ಡೀಸೆಲ್ ಅವರ ಎಂಜಿನ್ ಸರಿಯಾಗಿ ಓಡಿ ತೋರಿಸಿದ್ದು 1897ರಲ್ಲಿ.

‘ಪಿಚ್’ ಅಂತಲೇ ಬಿಟ್ಟರೆ ಏನು ಅಂತ ನೀವು ಕೇಳಬಹುದು. ಹೋದ ಸಲ ಹಾಗೇ ಬಿಟ್ಟು ನಷ್ಟ ಆಗಿದೆ. ಹಳೆಯ ಎಂಜಿನ್‌ಗೆ ಫ್ಯಾನ್ ಮಾರಿದವರು “ಪಿಚ್ ಜಾಸ್ತಿ ಇದ್ರೆ ಓಟ ಜಾಸ್ತಿ” ಅಂದರು. ಭಾವ ನಂಬಿ ತಂದರು. ಬಲೆ ಎಳೆಯುವಾಗ ಎಂಜಿನ್ ತನ್ನ ಪೂರ್ತಿ ಸುತ್ತು ಮುಟ್ಟಲೇ ಇಲ್ಲ. ಕಪ್ಪು ಹೊಗೆ, ಡೀಸೆಲ್ ಖರ್ಚು ಬೇರೆ. ಪದದ ಅರ್ಥ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅರ್ಥ ಇಷ್ಟೇ. ನೀರು ಮರದ ಹಾಗೆ ಗಟ್ಟಿ ಇದ್ದಿದ್ದರೆ, ಫ್ಯಾನ್ ಒಂದು ಸುತ್ತಿಗೆ ತಿರುಪಿನಂತೆ ಎಷ್ಟು ಮುಂದೆ ಹೋಗುತ್ತಿತ್ತೋ ಅದು ಪಿಚ್. ನಮ್ಮ ಎಂಜಿನ್ ನಿಮಿಷಕ್ಕೆ 1800 ಸುತ್ತು, ಗೇರ್ ಮೂರಕ್ಕೊಂದು. ಅಂದರೆ ಫ್ಯಾನ್ 600 ಸುತ್ತು. ಪಿಚ್ 18 ಇಂಚು ಇದ್ದರೆ ಲೆಕ್ಕದ ವೇಗ ಸುಮಾರು 9 ನಾಟ್ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.). ನೀರು ಗಟ್ಟಿ ಅಲ್ಲವಲ್ಲ, ಮೂರರಲ್ಲಿ ಒಂದು ಪಾಲು ಜಾರಿ ಹೋದರೆ ಉಳಿಯುವುದು 6 ನಾಟ್.

ವರ್ಕ್‌ಶಾಪಿನ ಮೇಸ್ತ್ರಿ ಇದಕ್ಕೆ ‘ಓರೆ’ ಅನ್ನುತ್ತಾರೆ. “ಫ್ಯಾನಿನ ಎಲೆ ಸ್ವಲ್ಪ ಜಾಸ್ತಿ ಓರೆ ಉಂಟು” ಅಂತ. ಒಳ್ಳೆಯ ಪದ, ಕಣ್ಣಿಗೆ ಕಾಣುವಂಥದ್ದು. ಆದರೆ ಓರೆ ಅಂದರೆ ಕೋನ, ಪಿಚ್ ಅಳೆಯುವುದು ಇಂಚಿನಲ್ಲಿ. ಇನ್ನೂ ಒಂದು ತೊಡಕಿದೆ. ಒಂದೇ ಎಲೆಯಲ್ಲಿ ಬುಡದ ಕಡೆ ಓರೆ ಜಾಸ್ತಿ, ತುದಿಯ ಕಡೆ ಕಮ್ಮಿ. ಹಾಗೆ ತಿರುಚಿದ್ದಕ್ಕೇ ಎಲೆಯ ಉದ್ದಕ್ಕೂ ಪಿಚ್ ಒಂದೇ ಇರುತ್ತದೆ. ಹಾಗಾಗಿ ಓರೆಯೇ ಪಿಚ್ ಅನ್ನುವಂತಿಲ್ಲ.

ನನಗೆ ಹೊಳೆದದ್ದು ‘ಹೆಜ್ಜೆ’. 18 ಇಂಚಿನ ಹೆಜ್ಜೆ. ‘ಸ್ಲಿಪ್’ ಅನ್ನೋದಕ್ಕೂ ಬೇರೆ ಪದ ಹುಡುಕಬೇಕಿಲ್ಲ, ಹೆಜ್ಜೆ ಜಾರುತ್ತದೆ, ಅಷ್ಟೇ. ಭಾವನಿಗೆ ವಿವರಿಸುವಾಗ ನನ್ನ ಅಕ್ಕ ಪಕ್ಕದಲ್ಲೇ ಇದ್ದಳು. “ತಲೆ ಮೇಲೆ ಮೀನಿನ ಬುಟ್ಟಿ ಹೊತ್ತವರು ದೊಡ್ಡ ಹೆಜ್ಜೆ ಹಾಕ್ತಾರಾ?” ಅಂದಳು. ಬಲೆ ಎಳೆಯುವ ಬೋಟಿಗೆ ಅಗಲದ ಫ್ಯಾನ್, ಸಣ್ಣ ಹೆಜ್ಜೆ, ನಿಧಾನ ಸುತ್ತು ಯಾಕೆ ಬೇಕು ಅನ್ನೋದು ಭಾವನಿಗೆ ಆ ಮಾತಿನಿಂದಲೇ ಅರ್ಥವಾಯಿತು. ‘ಮುನ್ನಡೆ’ಯನ್ನೂ ಯೋಚಿಸಿದೆ. ಅದು ಚುನಾವಣೆಗೆ ಹೋಗಿಬಿಟ್ಟಿದೆ, ಅಲ್ವಾ?

ಇನ್ನೊಂದು ಸಣ್ಣ ಪ್ರಶ್ನೆ, ‘ಅಲೈನ್‌ಮೆಂಟ್’ ಬಗ್ಗೆ, ಅಂದರೆ ಗೇರ್‌ಬಾಕ್ಸನ್ನೂ ಫ್ಯಾನ್ ತಿರುಗಿಸುವ ದಂಡವನ್ನೂ (ಶಾಫ್ಟ್) ಒಂದೇ ನೇರಕ್ಕೆ ತರುವುದು. ಎರಡನ್ನೂ ಜೋಡಿಸುವ ತಟ್ಟೆಗಳ, ಅಂದರೆ ಕಪ್ಲಿಂಗ್ ಮುಖಗಳ, ನಡುವೆ ಸುತ್ತಲೂ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡುತ್ತಾರೆ. 4 ಇಂಚಿನ ಕಪ್ಲಿಂಗ್‌ಗೆ ಸುತ್ತಲಿನ ಸಂದಿಯಲ್ಲಿ 0.1 ಮಿಲಿಮೀಟರ್‌ನಷ್ಟು ವ್ಯತ್ಯಾಸ ಮಾತ್ರ ಇರಬಹುದು. ಬೋಟು ನೀರಿಗಿಳಿದ ಮೇಲೆ ಮತ್ತೆ ನೋಡಲೇಬೇಕು, ಯಾಕೆಂದರೆ ನೀರಿನಲ್ಲಿ ಅದರ ಮೈ ಸ್ವಲ್ಪ ಬದಲಾಗುತ್ತದೆ. ಇಲ್ಲಿ ತುಳುವಿನಲ್ಲಿ “ಸರ್ತ ಉಂಡಾ ತೂಲೆ” ಅಂತಾರೆ, ನೇರ ಇದೆಯಾ ನೋಡಿ ಅಂತ. ‘ಸರ್ತ ಮಾಡುವುದು’ ಅಂತ ಬರೆದರೆ ಕುಂದಾಪುರದ ಆಚೆ, ಭಟ್ಕಳ, ಕಾರವಾರದ ಕಡೆಯವರಿಗೆ ತಿಳಿಯುತ್ತದೆಯೇ? ಅಥವಾ ‘ನೇರ ಕೂರಿಸುವುದು’ ಸಾಕೇ?

ಗಂಗೊಳ್ಳಿ, ಹೊನ್ನಾವರದ ಬೋಟಿನವರು ‘ಪಿಚ್’ಗೆ ಏನನ್ನುತ್ತಾರೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಅವರ ಬಾಯಲ್ಲಿ ಆಗಲೇ ಒಂದು ಪದ ಇದ್ದರೆ ನನ್ನ ‘ಹೆಜ್ಜೆ’ಯನ್ನು ಬಿಟ್ಟು ಅದನ್ನೇ ಬರೆಯುತ್ತೇನೆ.