ನಾಯಿಯ ಸೊಂಟದ ಮೂಳೆ ಮುರಿದಿದೆ, ಶಸ್ತ್ರಚಿಕಿತ್ಸೆಯ ವೆಚ್ಚ ನಮ್ಮ ಶಕ್ತಿ ಮೀರಿದ್ದು: ಹೇಗೆ ನಿರ್ಧರಿಸಬೇಕು?

ಪ್ರಶ್ನೆ

ನಮ್ಮ ಮನೆಯ ಆರು ವರ್ಷದ ನಾಯಿಗೆ ಈ ವಾರದ ಮೊದಲಲ್ಲಿ ಕಾರು ಬಡಿಯಿತು. ಸೊಂಟದ ಮೂಳೆ ಒಂದಕ್ಕಿಂತ ಹೆಚ್ಚು ಕಡೆ ಮುರಿದಿದೆ, ಬಲಗಡೆಯ ತೊಡೆಮೂಳೆಯ ಮೇಲ್ತುದಿಯ ಗುಂಡು ಅದರ ಕೆಳಗಿನ ಸಪೂರ ಭಾಗದ ಬಳಿ ಮುರಿದಿದೆ ಎಂದು ಎಕ್ಸ್‌ರೇಯಲ್ಲಿ ಕಂಡುಬಂದಿದೆ. ಶ್ವಾಸಕೋಶಕ್ಕೂ ಪೆಟ್ಟಾಗಿದ್ದರಿಂದ ಆರಂಭದಲ್ಲಿ ಆಮ್ಲಜನಕ ಕೊಟ್ಟಿದ್ದರು; ಈಗ ಉಸಿರಾಟ ಸುಧಾರಿಸಿದೆ. ಮೂತ್ರವನ್ನು ತಾನೇ ಮಾಡುತ್ತಾನೆ, ಕೈಯಲ್ಲಿ ಹಿಡಿದರೆ ಊಟ ಮಾಡುತ್ತಾನೆ, ಆದರೆ ಎದ್ದು ನಿಲ್ಲಲಾರ. ಪ್ಲೇಟು, ಸ್ಕ್ರೂ ಹಾಕಿ ಎಲ್ಲವನ್ನೂ ಜೋಡಿಸಬಹುದೆಂದು ತಜ್ಞರು ಹೇಳಿದ್ದಾರೆ. ಅವರು ಕೊಟ್ಟ ಅಂದಾಜು ನಮ್ಮ ಕುಟುಂಬದ ಹಲವು ತಿಂಗಳ ಆದಾಯಕ್ಕೆ ಸಮ. ವಿಮೆ ಇಲ್ಲ.

ತಮ್ಮ ಸಾಲ ಮಾಡಿಯಾದರೂ ಮಾಡಿಸೋಣ ಎನ್ನುತ್ತಾನೆ, ಅಪ್ಪ ಅದನ್ನು ಇನ್ನಷ್ಟು ನರಳಿಸಬೇಡಿ ಎನ್ನುತ್ತಾರೆ, ಗೇಟು ತೆರೆದಿಟ್ಟವರು ಯಾರು ಎಂಬ ಮಾತು ಪ್ರತಿದಿನ ಎದ್ದು ಮನೆಯಲ್ಲಿ ಜಗಳವಾಗುತ್ತಿದೆ. ಹಣದ ಲೆಕ್ಕ ಹಾಕುವುದೇ ಅವನಿಗೆ ಮಾಡುವ ದ್ರೋಹವೆಂದು ನನಗೆ ಅನ್ನಿಸುತ್ತಿದೆ; ಲೆಕ್ಕ ಹಾಕದೆ ಇರುವ ಸ್ಥಿತಿಯಲ್ಲೂ ನಾವಿಲ್ಲ. ಇಂಥ ಸಂದರ್ಭವನ್ನು ಎದುರಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಪಶುವೈದ್ಯೆ)

ನಾಯಿಯನ್ನು ಕಣ್ಣಾರೆ ನೋಡದೆ ಇದನ್ನೇ ಮಾಡಿ ಎಂದು ನಾನು ಹೇಳಲಾರೆ. ಆದರೆ ನಿಮ್ಮ ತಜ್ಞರನ್ನು ಏನು ಕೇಳಬೇಕೆಂದು ಹೇಳಬಲ್ಲೆ. "ಎಲ್ಲವನ್ನೂ ಜೋಡಿಸುವುದಕ್ಕೆ ಎಷ್ಟು" ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಒಂದೊಂದು ಮುರಿತವನ್ನೂ ಬಿಡಿಬಿಡಿಯಾಗಿ ಕೇಳಿ: ಇದನ್ನು ಜೋಡಿಸದಿದ್ದರೆ ಏನಾಗುತ್ತದೆ?

ಸೊಂಟದ ಮೂಳೆ ಉಂಗುರದ ಆಕಾರದಲ್ಲಿರುವುದರಿಂದ ಸಾಮಾನ್ಯವಾಗಿ ಒಂದೇ ಕಡೆ ಮುರಿಯುವುದಿಲ್ಲ. ಹಾಗಾಗಿ ಹಲವು ಕಡೆ ಮುರಿದಿದೆ ಎಂಬ ಮಾತಿನಿಂದಲೇ ಎದೆಗುಂದಬೇಕಿಲ್ಲ. ಮುರಿತ ದೇಹದ ಭಾರ ಹೊರದ ಕೆಳಭಾಗದಲ್ಲಿ ಮಾತ್ರವಿದ್ದರೆ, 4ರಿಂದ 6 ವಾರಗಳ ಕಟ್ಟುನಿಟ್ಟಿನ ವಿಶ್ರಾಂತಿಯಲ್ಲಿ ಅದು ಸುತ್ತಲಿನ ಸ್ನಾಯುಗಳ ಆಸರೆಯಿಂದ ಬಹುತೇಕ ಕೂಡಿಕೊಳ್ಳುತ್ತದೆ. ತೊಡೆಮೂಳೆಯ ಗುಂಡು ಕೂರುವ ಕೀಲಿನ ಬಟ್ಟಲು ಒಡೆದಿದ್ದರೆ, ಬೆನ್ನುಮೂಳೆಗೆ ಸೇರುವ ಜಾಗದಿಂದ ಭಾರ ಹೊರುವ ಭಾಗವೇ ಸರಿದುಹೋಗಿದ್ದರೆ, ಅಥವಾ ಮಲ ಹಾದುಹೋಗುವ ದಾರಿ ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಗೆ ಬಲವಾದ ಕಾರಣವಿರುತ್ತದೆ. ಆಗ ತಡಮಾಡುವಂತಿಲ್ಲ, ಏಕೆಂದರೆ ಒಂದು ವಾರ ಹತ್ತು ದಿನ ಕಳೆಯುವಷ್ಟರಲ್ಲಿ ಸ್ನಾಯುಗಳು ಬಿಗಿದುಕೊಂಡು ತುಂಡುಗಳನ್ನು ಸ್ವಸ್ಥಾನಕ್ಕೆ ತರುವುದು ಕಷ್ಟವಾಗುತ್ತದೆ.

ತೊಡೆಮೂಳೆಯ ಗುಂಡಿನ ವಿಷಯದಲ್ಲಿ ಇನ್ನೊಂದು ದಾರಿಯಿದೆ. ಗುಂಡನ್ನು ಸ್ಕ್ರೂ ಹಾಕಿ ಉಳಿಸಿಕೊಳ್ಳುವ ಬದಲು ಕತ್ತರಿಸಿ ತೆಗೆದುಬಿಟ್ಟರೆ, ಆ ಜಾಗದಲ್ಲಿ ಬೆಳೆಯುವ ನಾರಿನಂಥ ಅಂಗಾಂಶವೂ ಸುತ್ತಲಿನ ಸ್ನಾಯುವೂ ಸೇರಿ ಒಂದು ಬಗೆಯ ಹುಸಿಕೀಲು ರೂಪುಗೊಳ್ಳುತ್ತದೆ. ಕಾಲು ತುಸು ಗಿಡ್ಡವಾಗಬಹುದು, ನಡಿಗೆಯಲ್ಲಿ ಸಣ್ಣ ವ್ಯತ್ಯಾಸ ಉಳಿಯಬಹುದು, ಆದರೆ ಹೆಚ್ಚಿನ ನಾಯಿಗಳು ನೋವಿಲ್ಲದೆ ಓಡಾಡುತ್ತವೆ. ತೂಕ ಕಡಿಮೆಯಿದ್ದಷ್ಟೂ ಫಲಿತಾಂಶ ಚೆನ್ನ. ಇದರ ವೆಚ್ಚ ಸಾಮಾನ್ಯವಾಗಿ ಕಡಿಮೆ, ನಂತರ ಸ್ಕ್ರೂ ಸಡಿಲವಾಗುವ ಭಯವೂ ಇಲ್ಲ.

ಹಿಂಗಾಲಿನ ಬೆರಳನ್ನು ಬಲವಾಗಿ ಒತ್ತಿದಾಗ ನಾಯಿಗೆ ನೋವು ತಿಳಿಯುತ್ತಿದೆಯೇ ಎಂಬುದನ್ನೂ ಕೇಳಿ. ಕಾಲನ್ನು ಹಿಂದಕ್ಕೆ ಎಳೆದುಕೊಂಡರೆ ಸಾಲದು. ಅದು ಮೆದುಳಿಗೆ ಸುದ್ದಿ ಮುಟ್ಟದಿದ್ದರೂ ನಡೆಯುವ ಪ್ರತಿಕ್ರಿಯೆ. ತಿರುಗಿ ನೋಡಬೇಕು, ಕೂಗಬೇಕು, ಇಲ್ಲವೇ ಕಚ್ಚಲು ಬರಬೇಕು. ಮುಂದೆ ನಡೆದೀತೇ ಎಂಬ ಅಂದಾಜಿಗೆ ಎಕ್ಸ್‌ರೇಗಿಂತ ಈ ಪರೀಕ್ಷೆ ಕೆಲವೊಮ್ಮೆ ಹೆಚ್ಚು ಹೇಳುತ್ತದೆ. ಮೂತ್ರವನ್ನು ತಾನೇ ಮಾಡುತ್ತಿರುವುದು ಒಳ್ಳೆಯ ಲಕ್ಷಣ.

ಇನ್ನು ಹಣದ ಮಾತು. ನಿಮ್ಮಿಂದ ಎಷ್ಟು ಸಾಧ್ಯವೆಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ. ಆ ಮಿತಿ ಗೊತ್ತಿಲ್ಲದಿದ್ದಾಗ ನಾವು ವೈದ್ಯರು ಎಲ್ಲಕ್ಕಿಂತ ಉತ್ತಮವಾದ ಚಿಕಿತ್ಸೆಯನ್ನಷ್ಟೇ ಮುಂದಿಡುತ್ತೇವೆ, ಮನೆಯವರು ಅದೊಂದೇ ದಾರಿಯೆಂದು ತಿಳಿಯುತ್ತಾರೆ. ಅಂದಾಜನ್ನು ಬರವಣಿಗೆಯಲ್ಲಿ ಪಡೆಯಿರಿ. ಅದರಲ್ಲಿ ನಂತರದ ಎಕ್ಸ್‌ರೇ, ಆಸ್ಪತ್ರೆಯಲ್ಲಿರುವ ದಿನಗಳು, ಸೋಂಕಾದರೆ ಆಗುವ ಖರ್ಚು ಸೇರಿದೆಯೇ ನೋಡಿ. ಪಶುವೈದ್ಯಕೀಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳಲ್ಲಿ ಎಷ್ಟೋ ಸಲ ಇದೇ ಶಸ್ತ್ರಚಿಕಿತ್ಸೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಎಕ್ಸ್‌ರೇಗಳ ಪ್ರತಿ ಕೇಳಿ ಪಡೆದು ಮತ್ತೊಬ್ಬರಿಗೆ ತೋರಿಸುವುದರಲ್ಲಿ ಸಂಕೋಚ ಬೇಡ.

ಒಂದು ಎಚ್ಚರಿಕೆ: ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೆನ್, ಪ್ಯಾರಸಿಟಮಾಲ್ ಮಾತ್ರೆಗಳನ್ನು ಕೊಡಬೇಡಿ. ಮೊದಲನೆಯದು ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ, ಎರಡನೆಯದು ಯಕೃತ್ತನ್ನೂ ರಕ್ತವನ್ನೂ ಕೆಡಿಸಬಲ್ಲದು. ಆಮೇಲೆ ಅದಕ್ಕೊಂದು ಚಿಕಿತ್ಸೆ, ಅದಕ್ಕೊಂದು ಬಿಲ್ಲು.

ಉತ್ತರ 2

ಡಾಕ್ಟರು ಹೇಳಿದ ವೆಚ್ಚದ ಜೊತೆಗೆ ಇನ್ನೊಂದು ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದು ಮನೆಯವರ ಶ್ರಮ. ಎದ್ದು ನಿಲ್ಲಲಾರದ ದೊಡ್ಡ ನಾಯಿಯನ್ನು ಸುಮಾರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಇಲ್ಲದಿದ್ದರೆ ಮೂಳೆ ಒತ್ತುವ ಕಡೆಯೆಲ್ಲ ಹುಣ್ಣಾಗುತ್ತದೆ. ಹೊಟ್ಟೆಯ ಕೆಳಗೆ ಟವೆಲ್ಲು ಹಾಕಿ ಎತ್ತಿ ಹೊರಗೆ ಕರೆದೊಯ್ಯಬೇಕು, ಹಾಸಿಗೆ ಒದ್ದೆಯಾದ ಕೂಡಲೇ ಬದಲಾಯಿಸಿ ಚರ್ಮ ಒರೆಸಿ ಒಣಗಿಸಬೇಕು, ಸೊಂಟ ನೋಯುತ್ತಿರುವಾಗ ಮಲಬದ್ಧತೆಯಾಗದಂತೆ ನೋಡಿಕೊಳ್ಳಬೇಕು. ನಮ್ಮ ನಾಯಿಗೆ ಹಿಂಗಾಲು ತೆಗೆಸಿದಾಗ ನಮ್ಮನ್ನು ಬಳಲಿಸಿದ್ದು ಬಿಲ್ಲಿಗಿಂತ ಇದೇ. ಅದಂತೂ ಕೆಲವೇ ವಾರಗಳಲ್ಲಿ ಮೂರು ಕಾಲಿನ ನಡಿಗೆಗೆ ಒಗ್ಗಿಕೊಂಡಿತು. ಮರುಕಪಟ್ಟುಕೊಂಡು ಉಳಿದವರು ನಾವು.

ಸಾಲ ಮಾಡೋಣ ಎನ್ನುವ ನಿಮ್ಮ ತಮ್ಮನನ್ನು, ರಾತ್ರಿ ಎದ್ದು ಮಗ್ಗುಲು ಬದಲಿಸುವ ಪಾಳಿ ಯಾರದೆಂದು ಮೊದಲು ಕೇಳಿ. ಕುಹಕಕ್ಕೆ ಹೇಳುತ್ತಿಲ್ಲ. ಹಣ, ಕೆಲಸ ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು ಹಂಚಿಕೊಂಡ ಮೇಲೆ ನಮ್ಮ ಮನೆಯ ವಾದ ಅರ್ಧಕ್ಕರ್ಧ ಇಳಿಯಿತು. ಗೇಟಿನ ಮಾತನ್ನು ಮಾತ್ರ ಯಾರೂ ಎತ್ತಕೂಡದೆಂದು ಹಿರಿಯರೊಬ್ಬರು ಖಂಡಿತವಾಗಿ ಹೇಳಿಬಿಡಲಿ. ತೆರೆದಿಟ್ಟವರು ಯಾರೇ ಆಗಿರಲಿ, ಅವರ ಮನಸ್ಸು ಈಗಾಗಲೇ ಸಾಕಷ್ಟು ಬೇಯುತ್ತಿರುತ್ತದೆ, ಮತ್ತು ನಾಯಿಯ ಆರೈಕೆಗೆ ಅವರ ಕೈಯೂ ಬೇಕು.

ಉತ್ತರ 3

ಮೇಲಿನ ಇಬ್ಬರೂ ಬದುಕಿಸುವ ದಾರಿಗಳನ್ನು ಹೇಳಿದ್ದಾರೆ. ನಿಮ್ಮ ತಂದೆಯವರ ಮಾತಿಗೂ ಒಂದು ಸ್ಥಾನವಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ನಾಯಿಯ ಬೆನ್ನುಮೂಳೆ ಮುರಿದು ಹಿಂಗಾಲುಗಳಲ್ಲಿ ನೋವಿನ ಅರಿವೇ ಉಳಿದಿರಲಿಲ್ಲ. ನಾವು ದಯಾಮರಣಕ್ಕೆ ಒಪ್ಪಿದೆವು. ಹಣವಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆವೇ ಎಂದು ಕೇಳಿದವರಿದ್ದಾರೆ. ಹೌದು ಎಂದು ಎದೆತಟ್ಟಿ ಹೇಳಲಾರೆ. ಹಾಗೆಂದು ಆ ನಿರ್ಧಾರ ತಪ್ಪಾಗಿತ್ತೆಂದೂ ನನಗನ್ನಿಸುವುದಿಲ್ಲ, ಏಕೆಂದರೆ ಚೇತರಿಕೆಯ ಭರವಸೆ ಅಷ್ಟು ಕ್ಷೀಣವಾಗಿರುವಾಗ ಮನೆಯ ಮಕ್ಕಳ ಓದಿನ ಹಣವನ್ನೂ ಹಿರಿಯರ ಔಷಧದ ಹಣವನ್ನೂ ತೆಗೆದಿಡುವುದು ಪ್ರೀತಿಯ ಕೊರತೆಯಲ್ಲ.

ಮೊದಲು ಮಂಪರು ಬರಿಸಿ, ನಂತರ ಅರಿವಳಿಕೆ ಔಷಧವನ್ನೇ ಹೆಚ್ಚು ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಕ್ಷಣಗಳಲ್ಲಿ ಪ್ರಜ್ಞೆ ಹೋಗಿ ಕೆಲವು ನಿಮಿಷಗಳೊಳಗೆ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ಸ್ನಾಯು ಒಮ್ಮೆ ಅದುರಬಹುದು. ಅದು ನೋವಿನ ಗುರುತಲ್ಲವೆಂದು ಮುಂಚೆಯೇ ತಿಳಿದಿದ್ದರೆ ಒಳ್ಳೆಯದು. ಮನೆಯಲ್ಲಿ ಮಕ್ಕಳಿದ್ದರೆ, ಯಾವ ನಿರ್ಧಾರವಾದರೂ ನಿಜವನ್ನೇ ಹೇಳಿ. ಯಾರಿಗೋ ಕೊಟ್ಟುಬಿಟ್ಟೆವೆಂದು ಹೇಳಿದರೆ ಮಕ್ಕಳು ಕಾಯುತ್ತಲೇ ಇರುತ್ತಾರೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಎಕ್ಸ್‌ರೇಗಳನ್ನು ಬೋಧನಾ ಆಸ್ಪತ್ರೆಯೊಂದರಲ್ಲಿ ತೋರಿಸಿದೆವು. ಸೊಂಟದ ಮುರಿತಗಳು ಭಾರ ಹೊರುವ ಭಾಗದಲ್ಲಿಲ್ಲ, ಬಟ್ಟಲೂ ಒಡೆದಿಲ್ಲವಂತೆ. ಬೆರಳು ಒತ್ತಿದಾಗ ಎರಡೂ ಕಾಲಿನಲ್ಲಿ ಕೂಗಿ ತಿರುಗಿದ. ಆ ಕೂಗು ಕೇಳಿ ಅಪ್ಪನೇ ಮೊದಲು ಸಮಾಧಾನಪಟ್ಟರು. ಗುಂಡನ್ನು ತೆಗೆಯುವುದಕ್ಕೆ ಒಪ್ಪಿದ್ದೇವೆ. ಆಗುವ ಖರ್ಚು ಕಷ್ಟದ್ದೇ, ಆದರೆ ಸಾಲವಿಲ್ಲದೆ ತೂಗಿಸಬಹುದು. ಸೊಂಟಕ್ಕೆ ವಿಶ್ರಾಂತಿ ಬೇಕು, ಗುಂಡು ತೆಗೆದ ಕಾಲನ್ನು ಬೇಗ ಬಳಸಬೇಕು ಎನ್ನುತ್ತಾರೆ. ಈ ಎರಡೂ ಹೇಗೆ ಹೊಂದುತ್ತವೆ, ಡಾಕ್ಟರೇ?

ಉತ್ತರ 1ರವರಿಂದ

ಈ ಗೊಂದಲ ಸಹಜ, ನಿಖರವಾದ ವೇಳಾಪಟ್ಟಿಯನ್ನು ಶಸ್ತ್ರಚಿಕಿತ್ಸಕರೇ ಕೊಡಬೇಕು. ಸಾಮಾನ್ಯವಾಗಿ ಓಟ, ಜಿಗಿತ, ಮೆಟ್ಟಿಲು, ಜಾರುವ ನೆಲ ಇವಿಷ್ಟನ್ನು ಪೂರ್ತಿ ತಡೆಯುತ್ತೇವೆ. ಮಲಗಿದ್ದಲ್ಲೇ ಕಾಲನ್ನು ಮೆಲ್ಲಗೆ ಮಡಚಿ ಬಿಡಿಸುವ ವ್ಯಾಯಾಮವನ್ನೂ, ಟವೆಲ್ಲಿನ ಆಸರೆಯಲ್ಲಿ ಕೆಲವೇ ಹೆಜ್ಜೆಗಳ ನಿಧಾನವಾದ ನಡಿಗೆಯನ್ನೂ ಶಸ್ತ್ರಚಿಕಿತ್ಸಕರು ಒಪ್ಪಿದ ದಿನದಿಂದ ಶುರುಮಾಡಿಸುತ್ತೇವೆ. ಕೈಯಲ್ಲಿ ಹೇಗೆ ಹಿಡಿಯಬೇಕೆಂದು ಬಿಡುಗಡೆಯ ದಿನ ಅವರಿಂದಲೇ ಮಾಡಿಸಿ ನೋಡಿಕೊಳ್ಳಿ, ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ವ್ಯಾಯಾಮಕ್ಕೆ ಸ್ವಲ್ಪ ಮುಂಚೆ ನೋವಿನ ಔಷಧ ಬೀಳುವಂತೆ ಹೊತ್ತು ಹೊಂದಿಸಿಕೊಂಡರೆ ನಾಯಿ ಕಾಲು ಬಿಗಿಹಿಡಿಯುವುದು ಕಡಿಮೆಯಾಗುತ್ತದೆ. ಈ ವಾರಗಳಲ್ಲಿ ಊಟದ ಪ್ರಮಾಣವನ್ನು ತುಸು ಇಳಿಸಿ. ಮಲಗಿದಲ್ಲೇ ತೂಕ ಏರಿದರೆ ಹೊಸ ಕೀಲಿಗೆ ಅದೇ ಹೊರೆ.